ಒನ್ನಿಯ ಬಾಯ್ಲರ್ ಕುದಿದ ವಾರ

ಒನ್ನಿ ಕೆರಾನೆನ್‌ಗೆ ದೇವರು ಎರಡು ವರಗಳನ್ನು ಧಾರಾಳವಾಗಿ ಕೊಟ್ಟಿದ್ದನು. ಒಂದು, ಯಾವ ಸಿದ್ಧತೆಯೂ ಇಲ್ಲದೆ ಗಂಟೆಗಟ್ಟಲೆ ಉಪದೇಶ ಮಾಡಬಲ್ಲ ನಾಲಿಗೆ. ಇನ್ನೊಂದು, ಯಾರದೇ ಅಂಗಳದ ಸೌದೆ ಬಾಯ್ಲರಿನ ಹೊಗೆಯನ್ನು ರಸ್ತೆಯಿಂದಲೇ ಮೂಸಿ ಅದರಲ್ಲಿ ಏನು ಕೆಟ್ಟಿದೆ ಎಂದು ಹೇಳಬಲ್ಲ ಮೂಗು. ಎರಡೂ ಪರರಿಗೆ ಉಪಯೋಗವಾಗತಕ್ಕ ವರಗಳು. ಸ್ವಂತ ಅಂಗಳಕ್ಕೆ ಬಂದಾಗ ಎರಡೂ ಒಟ್ಟಿಗೇ ಕೈಕೊಟ್ಟವೆಂದು ಈಗ ಅವನೇ ಹೇಳಿಕೊಂಡು, ಹೊಟ್ಟೆ ಹಿಡಿದುಕೊಂಡು ನಗುತ್ತಾನೆ.

ಸುಪೀರಿಯರ್ ಸರೋವರದ ದಕ್ಷಿಣ ದಂಡೆಯ ನಮ್ಮ ಸೀಮೆಯಲ್ಲಿ ಅವನು ಮೂವತ್ತು ಚಳಿಗಾಲ ಹಿಮ ತಳ್ಳುವ ಲಾರಿಯನ್ನು ಓಡಿಸಿದವನು. ಒಂಬತ್ತು ಮಕ್ಕಳನ್ನು ಬೆಳೆಸಿದವನು. ಮೊಮ್ಮಕ್ಕಳು ಎಷ್ಟೆಂದರೆ, ಎದುರಿಗೆ ನಿಂತ ಮಗುವನ್ನು ಕರೆಯಬೇಕಾದರೆ ಮೊದಲು ಮೂರು ತಪ್ಪು ಹೆಸರುಗಳನ್ನು ಹೇಳಿ ಗಂಟಲು ಸರಿಮಾಡಿಕೊಳ್ಳಬೇಕು. ನಮ್ಮ ಸಭೆಯ ಪ್ರಸಂಗಿಗಳಿಗೆ ಪಾಠಶಾಲೆಯಿಲ್ಲ, ಸಂಬಳವಿಲ್ಲ. ಬೆಂಚಿನಿಂದ ಎದ್ದು, ಬೈಬಲಿನ ವಾಕ್ಯವನ್ನು ತೆರೆದು, ಕೃಪೆ ನುಡಿಸಿದ್ದನ್ನು ನುಡಿಯುವುದಷ್ಟೇ. ಒನ್ನಿಯೂ ಹಾಗೆ ಎದ್ದವನು. ಏಳುವುದು ಅವನಿಗೆ ಸುಲಭವಾಗಿತ್ತು, ಕೂರುವುದು ಕಷ್ಟವಾಗಿತ್ತು.

ಅವನ ಹೊಲದ ಬೇಲಿಗೆ ಹೊಂದಿಕೊಂಡೇ ನಮ್ಮ ಪುಟ್ಟ ಪ್ರಾರ್ಥನಾ ಮಂದಿರವಿದೆ. ಅಲ್ಲಿಯ ಹಳೆಯ ಎಣ್ಣೆ ಹೀಟರು ಕೆಮ್ಮಲು ಶುರುಮಾಡಿದಾಗ ಒನ್ನಿ ಸಭೆಯಲ್ಲಿ ಎದ್ದು ನಿಂತು, “ಸಹೋದರರೇ, ನನ್ನ ಬೆಂಕಿ ಇರುವಾಗ ದೇವರ ಮನೆ ತಣ್ಣಗಿರಬೇಕೇ?” ಎಂದು ಕೇಳಿದನು. ಅಂಗಳದಲ್ಲಿ ಸಣ್ಣ ಗುಡಿಸಲಿನಂತೆ ನಿಂತಿರುವ ಅವನ ಬಾಯ್ಲರಿನ ಹೊಟ್ಟೆಯೊಳಗೆ ಬೆಂಕಿ, ಬೆಂಕಿಯ ಸುತ್ತ ನೀರು. ಕಾದ ನೀರು ನೆಲದಡಿಯ ಕೊಳವೆಗಳಲ್ಲಿ ಹರಿದು ಮನೆಯನ್ನು ಬೆಚ್ಚಗಿಡುತ್ತಿತ್ತು. ಬೇಸಿಗೆಯಲ್ಲಿ ಕಂದಕ ತೋಡಿ ಇನ್ನೊಂದು ಜೊತೆ ಕೊಳವೆಯನ್ನು ಮಂದಿರಕ್ಕೂ ಎಳೆದರು. ಹೀಟರು ಗುಜರಿಗೆ ಹೋಯಿತು. ಅಂದಿನಿಂದ ದೇವರ ಮನೆಯ ಶಾಖವೆಲ್ಲ ಒನ್ನಿಯ ಕೈಯಲ್ಲಿತ್ತು. ಅದನ್ನು ಅವನು ಮರೆತದ್ದಿಲ್ಲ. ಬೇರೆಯವರು ಮರೆಯುವುದಕ್ಕೂ ಬಿಟ್ಟದ್ದಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಎರಡು ವರ್ಷಗಳ ಹಿಂದೆ ವೈದ್ಯರು ಒನ್ನಿಯ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ರಕ್ತಕ್ಕಿಂತ ಕೊಬ್ಬೇ ಹೆಚ್ಚಿದೆ ಎಂಬಂತೆ ತಲೆ ಅಲ್ಲಾಡಿಸಿದರು. ಅವನ ಹೆಂಡತಿ ಸೈಮಾ ಆ ದಿನವೇ ಮನೆಯಿಂದ ಮಕ್ಕರಾವನ್ನು ಗಡೀಪಾರು ಮಾಡಿದಳು. ಮಕ್ಕರಾ ಎಂದರೆ ಬಳೆಯಂತೆ ಬಾಗಿದ, ಹಂದಿ ಮಾಂಸದ ನಮ್ಮ ಸಾಸೇಜು. ಶನಿವಾರದ ಸೌನಾದಲ್ಲಿ, ಅಂದರೆ ನಮ್ಮ ಹಬೆ ಸ್ನಾನದ ಕೋಣೆಯಲ್ಲಿ, ಅದನ್ನು ಬೆಳ್ಳಿ ಹಾಳೆಯಲ್ಲಿ ಸುತ್ತಿ ಬಿಸಿ ಕಲ್ಲುಗಳ ಮೇಲಿಟ್ಟು ಬೇಯಿಸಿ ತಿನ್ನದಿದ್ದರೆ ನಮ್ಮವರಿಗೆ ವಾರ ಮುಗಿದಂತಾಗುವುದಿಲ್ಲ. ಸೌನಾದ ಕಲ್ಲುಗಳ ಮೇಲೆ ಸೈಮಾಳ ಕಣ್ಣಿತ್ತು. ಬಾಯ್ಲರಿನ ಮೇಲೆ ಇರಲಿಲ್ಲ. ಆದ್ದರಿಂದ ಒನ್ನಿ ಗ್ಯಾರೇಜಿನ ಫ್ರೀಜರಿನಲ್ಲಿ, ಜಿಂಕೆ ಮಾಂಸದ ಪೊಟ್ಟಣಗಳ ತಳದಲ್ಲಿ, ಮಕ್ಕರಾ ಬಚ್ಚಿಟ್ಟನು. ಮೊಲದ ಉರುಳಿಗೆ ಬಳಸುವ ಸಣ್ಣ ತಂತಿಯ ಎರಡು ಎಳೆಗಳಲ್ಲಿ ಅದನ್ನು ತೂಗುಹಾಕಿ, ಎಳೆಗಳ ತುದಿಯನ್ನು ಬಾಯ್ಲರ್ ಬಾಗಿಲಿನ ಮೇಲಂಚಿನಿಂದ ಹೊರಗೆ ತಂದು, ಬಾಗಿಲನ್ನು ಅದುಮಿ ಮುಚ್ಚುತ್ತಿದ್ದನು. ಬೆಂದ ಮೇಲೆ ತುದಿ ಹಿಡಿದು ಈಚೆಗೆ ಎಳೆದರಾಯಿತು. “ಬೆಂಕಿಯ ಬಳಿ ನಿಂತರೆ ಉಪದೇಶಕ್ಕೆ ವಿಚಾರ ಹೊಳೆಯುತ್ತದೆ” ಎಂದು ಮನೆಯಲ್ಲಿ ಹೇಳುತ್ತಿದ್ದನು. ಅದು ಪೂರ್ತಿ ಸುಳ್ಳೂ ಅಲ್ಲ. ಹೊಟ್ಟೆ ತುಂಬಿದಾಗ ಯಾರಿಗಾದರೂ ಕೃಪೆಯ ವಿಚಾರವೇ ಹೊಳೆಯುವುದು.

ಈ ಚಳಿಗಾಲದಲ್ಲಿ ಅವನ ಕಿರಿಯ ಮಗಳು ಮಾರ್ಲಿಸ್ ಹಸುಗೂಸನ್ನು ಎತ್ತಿಕೊಂಡು ಮಿನ್ನೆಸೋಟಾದಿಂದ ಬರುವವಳಿದ್ದಳು. ತಾನು ದೀಕ್ಷಾಸ್ನಾನ ಪಡೆದ ಮಂದಿರದಲ್ಲಿಯೇ, ತಂದೆಯ ಕೈಯಿಂದಲೇ, ಮಗುವಿಗೂ ಆಗಬೇಕೆಂದು ಅವಳ ಆಸೆ. ಭಾನುವಾರಕ್ಕೆ ನಿಗದಿಯಾಗಿತ್ತು. ಅದೇ ವಾರದ ನಡುವೆ ಒಂದು ಬೆಳಗ್ಗೆ ಸೈಮಾ ಅಡುಗೆಮನೆಯ ಕಿಟಕಿಯಿಂದ ಕೂಗಿದಳು.

“ರೀ, ನಿಮ್ಮ ಬಾಯ್ಲರ್ ಮೇಲೆ ಮೋಡ ಕೂತಿದೆ, ನೋಡಿ ಇಲ್ಲಿ.”

“ಮೋಡ ಅಲ್ವೇ ಅದು, ಹಬೆ.”

“ಹಬೆ ಯಾಕೆ ಬರ್ಬೇಕು?”

“ನೀರು ಸಂತೋಷವಾಗಿದೆ,” ಎಂದು ಒನ್ನಿ ಗಾಂಭೀರ್ಯದಿಂದ ಹೇಳಿ, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಗೆ ಓಡಿದನು.

ನೀರು ಸಂತೋಷವಾಗಿರಲಿಲ್ಲ, ಹುಚ್ಚಾಗಿತ್ತು. ಚಾವಣಿಯ ಹಬೆ ಕೊಳವೆಯಿಂದ ಕೊತಕೊತನೆ ಉಕ್ಕಿ, ಕೆಳಗಿಳಿಯುವಷ್ಟರಲ್ಲಿ ಹೆಪ್ಪುಗಟ್ಟಿ, ಬಾಯ್ಲರಿಗೆ ಬಿಳಿಯ ಗಡ್ಡ ಬೆಳೆದಿತ್ತು. ನೀರು ಬೇಕಾದಷ್ಟು ಕಾದೊಡನೆ ಗಾಳಿಯ ಕಂಡಿಯ ಮೇಲೆ ಒಂದು ಮುಚ್ಚಳ ತಾನಾಗಿ ಬಿದ್ದು, ಉಸಿರು ಕಟ್ಟಿದ ಬೆಂಕಿ ತೂಕಡಿಸಬೇಕು. ಮುಚ್ಚಳವೇನೋ ಬಿದ್ದಿತ್ತು. ಬೆಂಕಿ ಮಾತ್ರ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಒನ್ನಿಗೆ ಒಡನೆಯೇ ಕಾರಣ ಹೊಳೆಯಿತು. ಅವನಿಗೆ ಕಾರಣಗಳು ಯಾವಾಗಲೂ ಒಡನೆಯೇ ಹೊಳೆಯುವವು. ಸೌದೆ! ಅದನ್ನು ಕಡಿದು ತಂದು ಹಾಕುವವನು ಸೈಮಾಳ ತಮ್ಮ ಅರ್ಮಾಸ್. ಅವನು ಮಧ್ಯಾಹ್ನ ಟ್ರಕ್ಕಿನಿಂದ ಇಳಿದು, “ದೇವರ ಶಾಂತಿ, ಭಾವ,” ಎನ್ನುವಷ್ಟರಲ್ಲೇ ಒನ್ನಿ ಎರಗಿದನು.

“ಶಾಂತಿ ಎಲ್ಲಿ ಬಂತೋ? ನಿನ್ನ ಮೇಪಲ್ ಸೌದೆ ಸೀಮೆಎಣ್ಣೆ ಥರ ಉರೀತಿದೆ. ಇಷ್ಟು ಒಣಗಿಸಿ ತರೋದಾ?”

ಅರ್ಮಾಸ್ ಟೋಪಿಯನ್ನು ಹಿಂದಕ್ಕೆ ಸರಿಸಿದನು. “ಭಾವ, ಇಷ್ಟು ವರ್ಷ ನನ್ನ ಸೌದೆ ಹಸಿ, ಹಸಿ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ರಿ. ಈಗ ಒಣಗಿದ್ದೂ ನನ್ನ ತಪ್ಪಾ?”

“ಮತ್ತೆ ಬೆಂಕಿ ಯಾಕೆ ನಿಲ್ತಿಲ್ಲ?”

“ನಿಮ್ಮ ಬಾಯ್ಲರ್ ಅಲ್ವಾ? ಒಂದ್ಸಲ ಶುರುವಾದ್ರೆ ನಿಲ್ಲೋದು ಅದಕ್ಕೂ ಗೊತ್ತಿಲ್ಲ,” ಎಂದು ಅರ್ಮಾಸ್ ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಹೇಳಿ, ಸೌದೆ ಇಳಿಸಲು ಹೋದನು.

ಆಮೇಲಿನ ದಿನಗಳಲ್ಲಿ ಒನ್ನಿ ಮಾಡಿದ ಸಾಹಸಗಳನ್ನು ಅವನ ಬಾಯಿಂದಲೇ ಕೇಳಬೇಕು. ಗಾಳಿಯ ಮುಚ್ಚಳಕ್ಕೆ ಟಾರು ಅಂಟಿರಬೇಕೆಂದು ಅದನ್ನು ಕಳಚಿ, ಕೆರೆದು, ತಾನೂ ಟಾರಿನಲ್ಲಿ ಮಿಂದನು. ಮುಚ್ಚಳ ಸರಿಯಾಗಿಯೇ ಇತ್ತು. ನೀರು ತಳ್ಳುವ ಪಂಪು ನಿಂತಿರಬೇಕೆಂದು ಹೋಗುವ ಕೊಳವೆಯನ್ನೂ ಬರುವ ಕೊಳವೆಯನ್ನೂ ಮುಟ್ಟಿ ನೋಡಿ, ಎರಡರಿಂದಲೂ ಬೆರಳು ಸುಟ್ಟುಕೊಂಡನು. ಪಂಪು ಸರಿಯಾಗಿಯೇ ಇತ್ತು. ಬಾಯ್ಲರಿನ ಶಾಖ ತೋರಿಸುವ ಮಾಪಕವೇ ಸುಳ್ಳು ಹೇಳುತ್ತಿರಬೇಕೆಂದು ಸೈಮಾ ಸಕ್ಕರೆ ಪಾಕ ನೋಡುವ ಥರ್ಮಾಮೀಟರನ್ನು ಕದ್ದುಕೊಂಡು ಹೋಗಿ, ದಾರ ಕಟ್ಟಿ, ಚಾವಣಿಯ ಕೊಳವೆಯೊಳಗೆ ಇಳಿಬಿಟ್ಟನು. ಅದು ಮಾಪಕದ ಮಾತನ್ನೇ ಸಾಕ್ಷಿ ಹೇಳಿ, ದಾರ ಕಡಿದು, ನೀರಿನ ತಳ ಸೇರಿತು. ಕೊನೆಗೆ ಚಿಮಣಿ. ಹೊಗೆ ಮಂದಿರದ ಕಿಟಕಿಗೆ ಬಾರದಿರಲೆಂದು ಶರತ್ಕಾಲದಲ್ಲಿ ಅದಕ್ಕೆ ಒಂದು ತುಂಡು ಸೇರಿಸಿ ಎತ್ತರಿಸಿದ್ದನು. ಎತ್ತರದ ಚಿಮಣಿ ಗಾಳಿಯನ್ನು ಹೆಚ್ಚು ಸೆಳೆಯುತ್ತದೆಯಲ್ಲವೇ? ಹಿಮ ಮೆತ್ತಿದ ಏಣಿಯನ್ನು ಹತ್ತಿ ಆ ತುಂಡನ್ನು ಕಿತ್ತು ಹಾಕಿದನು. ಬೆಂಕಿ ಎಳ್ಳಷ್ಟೂ ತಗ್ಗಲಿಲ್ಲ. ಹೊಗೆಯೆಲ್ಲ ನೇರವಾಗಿ ಮಂದಿರದೊಳಕ್ಕೆ ಹೋಗಿ, ದೀಕ್ಷಾಸ್ನಾನಕ್ಕೆಂದು ಸೈಮಾ ಒಗೆದು ತೂಗುಹಾಕಿದ್ದ ಬಿಳಿಯ ಪರದೆಗಳನ್ನು ಕಂದು ಮಾಡಿತು.

“ನಿಮ್ಮ ಕೈಗೆ ಬೇರೆ ಏನಾದ್ರೂ ಕೆಲಸ ಕೊಡ್ಲಾ?” ಎಂದು ಸೈಮಾ ಕೇಳಿದಳು. ಅವಳ ದನಿ ಏರಿರಲಿಲ್ಲ. ಅದು ಏರದಿದ್ದಾಗಲೇ ಒನ್ನಿಗೆ ಭಯ.

ಸೋತು, ಬಾಯ್ಲರ್ ಮಾರಿದ ಅಂಗಡಿಗೆ ಫೋನು ಮಾಡಿದನು. ಆ ಕಡೆಯ ಹೆಣ್ಣುಮಗಳು ಎಲ್ಲವನ್ನೂ ಕೇಳಿಸಿಕೊಂಡು, “ಬಾಗಿಲು ನೋಡಿದ್ರಾ, ಸರ್? ಸುತ್ತ ಹಗ್ಗದ ಥರ ಪಟ್ಟಿ ಇರುತ್ತಲ್ಲ, ಅದರ ಸಂದಿಯಿಂದ ಗಾಳಿ ಹೋಗ್ತಿರಬಹುದು,” ಎಂದಳು.

“ತಾಯೀ, ಆ ಬಾಗಿಲನ್ನ ದಿನಾ ಬೆಳಗ್ಗೆ, ಮಧ್ಯಾಹ್ನ, ಸಂಜೆ ತೆಗೆದು ಹಾಕೋನು ನಾನು.”

“ಅದಕ್ಕೇ ಕೇಳಿದ್ದು, ಸರ್. ಇನ್ನೊಂದು ವಿಷಯ. ಹೀಗೇ ಉಕ್ಕಿ ಉಕ್ಕಿ ನೀರು ಬೆಂಕಿಯ ಮಟ್ಟಕ್ಕಿಂತ ಕೆಳಗೆ ಇಳಿದ್ರೆ ಒಳಗಿನ ಉಕ್ಕು ಸೊಟ್ಟಗಾಗುತ್ತೆ. ಆಮೇಲೆ ಅದು ಬಾಯ್ಲರ್ ಅಲ್ಲ, ಕೋಳಿಗೂಡು.”

ಈ ಮಾತು ಒನ್ನಿಯ ಎದೆಗೆ ನಾಟಿತು. ಬೆಂಕಿಯನ್ನು ಉರಿಯಬಿಟ್ಟರೆ ಬಾಯ್ಲರ್ ಹಾಳು. ಆರಿಸಿಬಿಟ್ಟರೆ, ಹೊರಗಿನ ಆ ಚಳಿಯಲ್ಲಿ, ಬೆಳಗಾಗುವುದರೊಳಗೆ ಮಂದಿರದ ಕೊಳವೆಗಳು ಹೆಪ್ಪುಗಟ್ಟಿ ಒಡೆದು ಹೋಗುವವು. ಮಾರ್ಲಿಸ್ ಹಸುಗೂಸನ್ನು ಎತ್ತಿಕೊಂಡು ಆಗಲೇ ಹೊರಟಿದ್ದಳು. ಹಳೆಯ ಹೀಟರನ್ನು ಗುಜರಿಗೆ ಹಾಕಿಸಿದವನು ಯಾರು? ಸಭೆಯಲ್ಲಿ ಎದ್ದು ನಿಂತು “ನನ್ನ ಬೆಂಕಿ” ಎಂದವನು ಯಾರು? ಅವನು ಬಾಯ್ಲರಿನ ಹಿಂದೆ ಹಿಮದಲ್ಲಿ ಮೊಣಕಾಲೂರಿ ಪ್ರಾರ್ಥಿಸಿದನು. ಆ ಪ್ರಾರ್ಥನೆ ಪ್ರಾಮಾಣಿಕವಾದದ್ದೇ. ಆದರೆ ಅದರಲ್ಲಿ ಅರ್ಮಾಸನ ಸೌದೆಯ ಬಗ್ಗೆಯೂ ಒಂದು ದೂರಿತ್ತು.

ಶನಿವಾರ ಬೆಳಗ್ಗೆಯಿಂದ ಸೌದೆ ಹಾಕದೆ ಬೆಂಕಿಯನ್ನು ಕೆಂಡಕ್ಕೆ ಇಳಿಸಿದರು. ಸೌನಾಕ್ಕೆಂದು ಬೇಗನೆ ಬಂದ ಅರ್ಮಾಸ್ ಕೆಂಡವನ್ನೆಲ್ಲ ಹಿಂದಕ್ಕೆ ಗೋರಿ ಕೊಟ್ಟನು. ಒನ್ನಿ ಮಂದಿರದಿಂದ ಭಾನುವಾರದ ಶಾಲೆಯ ಸೀಮೆಸುಣ್ಣವನ್ನು ತಂದು, ಬಾಗಿಲಿನ ಚೌಕಟ್ಟಿನ ಏಣುಗಳಿಗೆಲ್ಲ ಬಳಿದು, ಬಾಗಿಲು ಮುಚ್ಚಿ, ಮತ್ತೆ ತೆರೆದನು. ಬಾಗಿಲಿನ ಸುತ್ತಲಿನ ಹಗ್ಗ ಎಲ್ಲೆಲ್ಲಿ ಚೌಕಟ್ಟಿಗೆ ಒತ್ತುತ್ತದೋ ಅಲ್ಲೆಲ್ಲ ಅದರ ಮೇಲೆ ಬಿಳಿಯ ಗೆರೆ ಬೀಳಬೇಕು. ಎಡಕ್ಕೂ ಬಲಕ್ಕೂ ಕೆಳಕ್ಕೂ ಗೆರೆ ಅಚ್ಚುಕಟ್ಟಾಗಿ ಬಿದ್ದಿತ್ತು. ಮೇಲಂಚಿನಲ್ಲಿ ಮಾತ್ರ, ಗೇಣಳತೆಯ ದೂರದಲ್ಲಿ, ಎರಡು ಕಡೆ ತುಂಡಾಗಿತ್ತು. ಅಲ್ಲಿ ಹಗ್ಗದಲ್ಲಿ ಕರಿದಾದ ಎರಡು ಸೀಳುಗಳಿದ್ದವು.

“ಅರೆ,” ಎಂದ ಅರ್ಮಾಸ್. “ಯಾರೋ ಕೊಯ್ದ ಹಾಗಿದೆಯಲ್ಲ ಭಾವ?”

“ಇಲಿ,” ಎಂದ ಒನ್ನಿ ತಟ್ಟನೆ. “ಇಲಿ ಕಡಿದಿದೆ.”

“ಈ ಬಿಸಿ ಬಾಗಿಲಲ್ಲಾ?”

“ಚಳಿಗೆ ಬಂದಿರುತ್ತೆ, ಪಾಪ.”

ಅರ್ಮಾಸ್ ತನ್ನ ಮನೆಯ ಒಲೆಗೆಂದು ತಂದಿಟ್ಟಿದ್ದ ಹೊಸ ಹಗ್ಗದ ಸುರುಳಿಯನ್ನು ತರಲು ಟ್ರಕ್ಕಿನ ಕಡೆಗೆ ನಡೆದನು. ಒನ್ನಿ ಒಬ್ಬನೇ ನಿಂತನು. ಬೆನ್ನು ನೆಟ್ಟಗೆ ಮಾಡುವುದಕ್ಕೆಂದು ಬಾಯ್ಲರಿನ ಪಕ್ಕದ ಮೊಳೆಯ ಮೇಲೆ ಕೈಯಿಟ್ಟನು. ಬೆರಳಿಗೆ ಜಿಡ್ಡು ಹತ್ತಿತು. ಮೊಳೆಯಲ್ಲಿ ಮೊಲದ ಉರುಳಿನ ತಂತಿ ನೇತಾಡುತ್ತಿತ್ತು. ಎರಡು ಎಳೆಗಳು. ಅವುಗಳ ನಡುವೆ ಗೇಣಳತೆಯ ದೂರ.

ಅವನು ಆ ಕಡೆ ಈ ಕಡೆ ನೋಡಿ, ತಂತಿಯನ್ನು ಬಾಗಿಲಿನ ಮೇಲಂಚಿಗೆ ಹಿಡಿದನು. ಅದು ತನ್ನ ಮನೆಗೆ ಬಂದ ಹಸುವಿನಂತೆ ಆ ಎರಡು ಸೀಳುಗಳೊಳಗೆ ಹೋಗಿ ಮಲಗಿತು.

ಶನಿವಾರದಿಂದ ಶನಿವಾರಕ್ಕೆ ತಾನೇ ಭುಜ ಕೊಟ್ಟು ಅದುಮಿದ ಬಾಗಿಲು ಅದು. ಮುಚ್ಚಳವನ್ನು ಶಂಕಿಸಿದ್ದನು, ಪಂಪನ್ನು ಶಂಕಿಸಿದ್ದನು, ಚಿಮಣಿಯನ್ನೂ ಹೆಂಡತಿಯ ತಮ್ಮನನ್ನೂ ಶಂಕಿಸಿದ್ದನು, ಮಕ್ಕರಾವನ್ನು ಶಂಕಿಸಿರಲಿಲ್ಲ. ಪ್ರಿಯರೇ, ಮನುಷ್ಯನು ತಾನು ಪ್ರೀತಿಸುವುದನ್ನು ಎಲ್ಲಿಯಾದರೂ ಶಂಕಿಸುವನೇ?

ಹಿಮದ ಮೇಲೆ ಅರ್ಮಾಸನ ಬೂಟಿನ ಸದ್ದಾಯಿತು. ಒನ್ನಿ ತಂತಿಯನ್ನು ಪ್ಯಾಂಟಿನ ಜೇಬಿಗೆ ತುರುಕಿದನು.

ಹಳೆಯ ಹಗ್ಗವನ್ನು ಕೆರೆದು ತೆಗೆದು, ಕಾವು ತಡೆಯುವ ಅಂಟನ್ನು ಹಚ್ಚಿ, ಹೊಸ ಹಗ್ಗವನ್ನು ಕೂರಿಸಿದರು. ಅಂಟು ಹಿಡಿದ ಮೇಲೆ ಮತ್ತೆ ಸೌದೆ ಹಾಕಿ, ಇಬ್ಬರೂ ಮಾಪಕದ ಮುಂದೆ ನಿಂತರು. ಮುಳ್ಳು ಏರಿತು, ಏರಿತು, ಗುರುತಿಗೆ ಬಂದಿತು. ಮುಚ್ಚಳ ಟಕ್ಕೆಂದು ಬಿದ್ದಿತು. ಒಳಗಿನ ಗರ್ಜನೆ ಗೊಣಗಾಟವಾಗಿ, ಗೊಣಗಾಟ ನಿಟ್ಟುಸಿರಾಗಿ, ಚಿಮಣಿಯ ಹೊಗೆ ನೀಲಿಯ ಎಳೆಯಷ್ಟೇ ಉಳಿಯಿತು. ಮುಳ್ಳು ನಿಂತಲ್ಲಿಯೇ ನಿಂತಿತು.

“ಭಾವ, ಇಲಿ ಹಿಡಿದುಬಿಟ್ರಿ!” ಎಂದು ಅರ್ಮಾಸ್ ಬೆನ್ನು ತಟ್ಟಿದನು. ಮನೆಯೊಳಗೆ ಆಗಷ್ಟೇ ಬಂದಿಳಿದಿದ್ದ ಮಾರ್ಲಿಸ್ ಕಿಟಕಿಯಲ್ಲಿ ಮಗುವಿನ ಪುಟ್ಟ ಕೈಯನ್ನು ಹಿಡಿದು ಆಡಿಸಿದಳು. ಬಾಯ್ಲರ್ ಉಳಿದಿತ್ತು, ಮಂದಿರ ಉಳಿದಿತ್ತು. ಒನ್ನಿ ಕುಣಿಯಬೇಕಾಗಿತ್ತು. ಜೇಬಿನ ತಂತಿ ತೊಡೆಗೆ ಚುಚ್ಚುತ್ತಿತ್ತು. ನಾಳೆ ಇದೇ ಕಾಲಿನ ಮೇಲೆ ನಿಂತು, ಸತ್ಯವಂತನ ಮುಖ ಹೊತ್ತು, ಆ ಕೂಸಿನ ತಲೆಗೆ ನೀರು ಹಾಕಬೇಕು.

ಸೌನಾದಲ್ಲಿ ಜೇಬಿರುವುದಿಲ್ಲ. ದೇವರು ನಮ್ಮ ಹಿರಿಯರಿಗೆ ಸೌನಾವನ್ನು ಕೊಟ್ಟದ್ದೇ ಇದಕ್ಕಾಗಿರಬೇಕು. ಮೇಲಿನ ಹಲಗೆಯ ಮೇಲೆ ಇಬ್ಬರು ಮುದುಕರು ಹುಟ್ಟಿದ ಹಾಗೆ ಕುಳಿತಿದ್ದರು. ಅರ್ಮಾಸ್ ಕಲ್ಲುಗಳ ಮೇಲೆ ನೀರು ಎರಚಿದನು. ಹಬೆ ಕಿವಿಯನ್ನು ಸುಟ್ಟಿತು.

“ಅರ್ಮಾಸ್,” ಎಂದ ಒನ್ನಿ, “ಅದು ಇಲಿ ಅಲ್ಲ ಕಣೋ.”

“ಗೊತ್ತು.”

“ಏನ್ ಗೊತ್ತು?”

“ಇಲಿಗಳು ಚಿಕ್ಕವಿರ್ತವೆ ಭಾವ. ನಿಮ್ಮಷ್ಟು ತೂಕ ಇರಲ್ಲ. ಮತ್ತೆ ಇಲಿಗೆ ತಂತಿ ಕಟ್ಟೋಕೆ ಬರಲ್ಲ.” ಅರ್ಮಾಸ್ ಬೆವರು ಒರೆಸಿಕೊಂಡನು. “ಬುಧವಾರ ಸೌದೆ ಇಳಿಸುವಾಗ್ಲೇ ಆ ಮೊಳೆ ನೋಡ್ದೆ. ಜಿಡ್ಡು ಜಿಡ್ಡು. ಹೇಳೋಣ ಅಂತಿದ್ದೆ, ಆದ್ರೆ ಆಗಷ್ಟೇ ಸೌದೆ ಅಂತ ನನ್ನ ಮೇಲೆ ಎರಗಿದ್ರಲ್ಲ, ಬೇಡ, ನಾಲ್ಕು ದಿನ ಹುಡುಕಲಿ ಅಂತ ಬಿಟ್ಟೆ.”

“ಏಣಿ ಹತ್ತುವಾಗ್ಲೂ ನೋಡ್ತಾ ಇದ್ಯಾ?”

“ಏಣಿ ಹಿಡ್ಕೊಂಡಿದ್ದೆ. ಅಷ್ಟಾದ್ರೂ ಮಾಡ್ಬೇಕಲ್ಲ.”

ನಮ್ಮ ಸಭೆಯಲ್ಲಿ ಒಂದು ಪದ್ಧತಿಯುಂಟು. ಒಬ್ಬನು ತನ್ನ ತಪ್ಪನ್ನು ಸಹೋದರನ ಮುಂದೆ ಒಪ್ಪಿಕೊಂಡು ಕ್ಷಮೆ ಬೇಡಿದರೆ, ಸಹೋದರನು ಅವನ ಕೊರಳನ್ನು ಅಪ್ಪಿ, ಯೇಸುವಿನ ಹೆಸರಿನಲ್ಲಿ ನಿನ್ನ ಪಾಪ ಪರಿಹಾರವಾಗಿದೆ, ನಂಬು ಎಂದು ಬಾಯಿಬಿಟ್ಟು ಹೇಳಬೇಕು. ಒನ್ನಿ ಆ ಮಾತನ್ನು ನೂರಾರು ಜನರಿಗೆ ಹೇಳಿದ್ದನು. ಬೇಡುವ ಕಡೆ ನಿಂತು ಬಹಳ ಕಾಲವಾಗಿತ್ತು.

“ನಂಗೆ ಕ್ಷಮೆ ಹೇಳ್ತೀಯೇನೋ?” ಎಂದು ಕೇಳಿದನು.

“ಯಾವುದಕ್ಕೆ? ಸೌದೆಗಾ, ಮಕ್ಕರಾಗಾ?”

“ಎರಡಕ್ಕೂ.”

“ಇಲಿಗೆ?”

“ಮೂರಕ್ಕೂ ಕಣೋ! ಬೇಗ ಹೇಳು, ಬೆಂದು ಹೋಗ್ತಿದೀನಿ.”

ಅರ್ಮಾಸನ ಮುಖದ ತಮಾಷೆ ಅಲ್ಲಿಗೆ ನಿಂತಿತು. ಅವನು ಬೆವರಿನಲ್ಲಿ ಜಾರುತ್ತ ಭಾವನ ಕೊರಳನ್ನು ಅಪ್ಪಿ, ಹೇಳಬೇಕಾದ ಮಾತನ್ನು ಪೂರ್ತಿಯಾಗಿ, ನಿಧಾನವಾಗಿ ಹೇಳಿದನು. ಒನ್ನಿ ಅತ್ತನು. ಸೌನಾದಲ್ಲಿ ಅತ್ತರೆ ಯಾರಿಗೂ ಕಾಣುವುದಿಲ್ಲ. ಆದರೂ ತಾನು ಅತ್ತದ್ದು ನಿಜವೆಂದು ಅವನೇ ಎಲ್ಲರಿಗೂ ಹೇಳುತ್ತಾನೆ.

“ಅಕ್ಕಂಗೆ ಯಾವಾಗ ಹೇಳ್ತೀರಿ?”

“ಬಟ್ಟೆ ಹಾಕ್ಕೊಂಡ ಮೇಲೆ,” ಎಂದ ಒನ್ನಿ.

ಹೇಳಿದನು. ಅಡುಗೆಮನೆಯ ಮೇಜಿನ ಮೇಲೆ ತಂತಿಯನ್ನಿಟ್ಟು, ಗ್ಯಾರೇಜಿನ ಫ್ರೀಜರಿನಿಂದ ಹಿಡಿದು ಸಕ್ಕರೆ ಪಾಕದ ಥರ್ಮಾಮೀಟರಿನವರೆಗೆ ಒಂದನ್ನೂ ಬಿಡದೆ ಹೇಳಿದನು. ಸೈಮಾ ತಂತಿಯನ್ನು ಎತ್ತಿ ನೋಡಿ, “ಆಯ್ತು, ಕ್ಷಮಿಸಿದೀನಿ. ಕಾಫಿ ಕುಡೀರಿ,” ಎಂದಳು. ಅಷ್ಟೇ. ಆ ಅಷ್ಟೇ ಎಂಬುದು ಒನ್ನಿಗೆ ಸಮಾಧಾನ ತರಲಿಲ್ಲ.

ಭಾನುವಾರ ಕಿಟಕಿಯ ಗಾಜುಗಳ ಮೇಲೆ ಮಂಜಿನ ಹೂ ಬಿಡಿಸಿದಂತಹ ಚಳಿ. ಮಂದಿರದೊಳಗೆ ಮುದುಕಿಯರು ಕೋಟು ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು. ಪರದೆಗಳು ಮಾತ್ರ ಕಂದಾಗಿಯೇ ಇದ್ದವು. ಮಾರ್ಲಿಸಳ ತೋಳಿನಲ್ಲಿ ಕೂಸು ನಿದ್ದೆ ಹೋಗಿತ್ತು. ನೀರು ತಲೆಯ ಮೇಲೆ ಬಿದ್ದಾಗ ಒಂದು ಕಣ್ಣು ತೆರೆದು, ಅಜ್ಜನನ್ನು ನೋಡಿ, ಮತ್ತೆ ಮುಚ್ಚಿತು. ಆಮೇಲೆ ಒನ್ನಿ ಉಪದೇಶಕ್ಕೆ ನಿಂತನು. ಲೋಕದ ಕೆಡುಕಿನ ಬಗ್ಗೆ ಹೇಳಬೇಕೆಂದು ವಾರದ ಮೊದಲಲ್ಲಿ ಅಂದುಕೊಂಡಿದ್ದನು. ಈಗ ಬಾಗಿಲು, ಹಗ್ಗ, ತಂತಿ ಎಲ್ಲವನ್ನೂ ಹೇಳಿಬಿಟ್ಟು, “ನಾನು ಊರಿನ ಬೆಂಕಿಯನ್ನೆಲ್ಲ ಪರೀಕ್ಷಿಸುವವನು, ಗಾಳಿ ಒಳಗೆ ಹೋಗುತ್ತಿದ್ದದ್ದು ನಾನೇ ಮುಚ್ಚಿದ ಬಾಗಿಲಿನಿಂದ. ಪ್ರಿಯರೇ, ನನಗಾಗಿ ಪ್ರಾರ್ಥಿಸಿರಿ,” ಎಂದು ಕುಳಿತುಬಿಟ್ಟನು. ಅವನು ಇಷ್ಟು ಬೇಗ ಕುಳಿತದ್ದನ್ನು ಯಾರೂ ಕಂಡಿರಲಿಲ್ಲ. ಹಾಡು ಹಿಡಿಯಬೇಕಾದವನು ಇನ್ನೂ ಪುಸ್ತಕವನ್ನೇ ತೆರೆದಿರಲಿಲ್ಲ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭೆ ನಕ್ಕಿತು. ಒನ್ನಿಯೂ ನಕ್ಕನು. ಅವನ ಉಪದೇಶಗಳಲ್ಲಿ ಜನರು ನೆನಪಿಟ್ಟುಕೊಂಡದ್ದು ಅದೊಂದನ್ನೇ.

ಕಾಫಿಯ ಹೊತ್ತಿಗೆ ನೆಲಮಾಳಿಗೆಯ ಮೇಜಿನ ಮೇಲೆ ಏಲಕ್ಕಿ ರೊಟ್ಟಿಗಳ ನಡುವೆ ಒಂದು ತಟ್ಟೆಯಿತ್ತು. ತಟ್ಟೆಯಲ್ಲಿ ಬಳೆಯಂತೆ ಬಾಗಿದ ದೊಡ್ಡ ಮಕ್ಕರಾ. ಅದಕ್ಕೆ ಮೊಲದ ಉರುಳಿನ ತಂತಿಯನ್ನೇ ರಿಬ್ಬನ್ನಿನಂತೆ ಗಂಟು ಹಾಕಿತ್ತು.

“ತಿನ್ನಿ,” ಎಂದಳು ಸೈಮಾ. “ಎಲ್ಲರ ಎದುರಿಗೆ ತಿನ್ನಿ.”

ಒನ್ನಿ ಅನುಮಾನದಿಂದ ಒಂದು ತುಂಡು ಕೊಯ್ದು ಬಾಯಿಗಿಟ್ಟನು. ಅವನ ಮುಖ ಅರಳಿತು. “ಇದೇ! ಇದೇ ರುಚಿ ಕಣೇ. ಹಂದಿ ಮಾಂಸದ ಮಕ್ಕರಾಗೆ ಸಮ ಬೇರೆ ಇಲ್ಲ.”

“ಅದು ಟರ್ಕಿ ಕೋಳಿದು. ಕೊಬ್ಬು ಕಡಿಮೆ ಇರೋದು,” ಎಂದಳು ಸೈಮಾ, ಕಾಫಿ ಸುರಿಯುತ್ತ. “ಎರಡು ಚಳಿಗಾಲದಿಂದ ನೀವು ತಿಂದದ್ದೂ ಅದೇ. ನೀವು ಬಚ್ಚಿಟ್ಟದ್ದನ್ನ ನಾನು ಪ್ರತಿ ಸಲ ಬದಲಾಯಿಸ್ತಿದ್ದೆ.”

“ಮತ್ತೆ ನಂದು?”

ಮೇಜಿನ ಆ ತುದಿಯಲ್ಲಿ ಅರ್ಮಾಸ್ ಇದ್ದಕ್ಕಿದ್ದಂತೆ ತನ್ನ ರೊಟ್ಟಿಯ ಮೇಲೆ ಬಹಳ ಗಮನವಿಟ್ಟನು.

ಒನ್ನಿ ಅವನನ್ನು ನೋಡಿದನು, ಹೆಂಡತಿಯನ್ನು ನೋಡಿದನು. ಬಾಯಲ್ಲಿದ್ದ ಮಕ್ಕರಾವನ್ನು ಅಗಿದು ನುಂಗಿದನು. ಕೊನೆಗೆ ಟೋಪಿಯನ್ನು ತಲೆಗಿಟ್ಟು, “ಬೆಂಕಿ ನೋಡಿ ಬರ್ತೀನಿ,” ಎಂದು ಎದ್ದನು.

“ಭಾವ,” ಎಂದ ಅರ್ಮಾಸ್, ತಲೆಯೆತ್ತದೆ, “ಆ ಹಂದಿ ಮಕ್ಕರಾ ವಿಷಯಕ್ಕೆ ಸೌನಾದಲ್ಲಿ ಕ್ಷಮೆ ಕೇಳೋದು ನಂದೂ ಒಂದು ಬಾಕಿ ಇದೆ. ಶನಿವಾರ ಆಗಬಹುದಾ?”

“ಬಾ,” ಎಂದ ಒನ್ನಿ. “ಈ ಸಲ ಕಲ್ಲಿಗೆ ನೀರು ನಾನು ಹಾಕ್ತೀನಿ.”